ಮೇಳದ ಮುಂದೆ ಕೂತ ಮರದ ಬೊಂಬೆ: ಅಕಾನ್ ಜನರಲ್ಲಿ ಕೆತ್ತನೆ ಮತ್ತು ಹಾಡು

2025ರ ಜುಲೈನಲ್ಲಿ ಫ್ರಾನ್ಸ್ ದೇಶದ ಸಂಸತ್ತು ಒಂದು ವಿಚಿತ್ರವಾದ ಕಾನೂನಿಗೆ ಒಪ್ಪಿಗೆ ಕೊಟ್ಟಿತು. ಕಾನೂನು ಇದ್ದದ್ದು ಒಂದೇ ಒಂದು ಡೋಲನ್ನು ವಾಪಸ್ ಕೊಡುವುದಕ್ಕಾಗಿ. ಅದರ ಹೆಸರು ಜಿಜಿ ಅಯೋಕ್ವೆ. ಉದ್ದ ಮೂರು ಮೀಟರಿಗೂ ಜಾಸ್ತಿ, ತೂಕ ಸುಮಾರು 430 ಕೆಜಿ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಿಂದ 1916ರಲ್ಲಿ ಫ್ರೆಂಚ್ ಅಧಿಕಾರಿಗಳು ಇದನ್ನು ಕಿತ್ತುಕೊಂಡಿದ್ದರು. ಕಾರಣ ಸರಳ. ಬಲವಂತದ ದುಡಿಮೆಗೆ ಜನರನ್ನು ಹಿಡಿಯಲು ಸರ್ಕಾರದವರು ಬಂದರೆ, ಈ ಡೋಲು ಮೊದಲೇ ಊರೂರಿಗೆ ಸುದ್ದಿ ಮುಟ್ಟಿಸಿಬಿಡುತ್ತಿತ್ತು.

ಅದಕ್ಕೂ ಒಂದು ವರ್ಷ ಮೊದಲು, 2024ರಲ್ಲಿ, ಪಕ್ಕದ ಘಾನಾ ದೇಶದ ಕುಮಾಸಿ ನಗರದಲ್ಲೂ ಇಂಥದ್ದೇ ಸಂಭ್ರಮ. ಬ್ರಿಟಿಷರ ಕೈ ಸೇರಿದ್ದ ರಾಜಮನೆತನದ ವಸ್ತುಗಳು ಅಲ್ಲಿನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಬಂದವು. ಅಮೆರಿಕದ ಒಂದು ಮ್ಯೂಸಿಯಂ ಏಳು ವಸ್ತುಗಳನ್ನು ಪೂರ್ತಿಯಾಗಿ ವಾಪಸ್ ಕೊಟ್ಟಿತು. ಲಂಡನ್ನಿನ ಎರಡು ಮ್ಯೂಸಿಯಂಗಳು 32 ವಸ್ತುಗಳನ್ನು ಸಾಲದ ರೂಪದಲ್ಲಿ ಕಳಿಸಿದವು. ಆ 32ರಲ್ಲಿ ಚಿನ್ನದಲ್ಲಿ ಎರಕ ಹೊಯ್ದ ಪುಟ್ಟ ತಂತಿವಾದ್ಯವೊಂದಿತ್ತು. ಅದನ್ನು ಸಾಂಕುವೊ ಅನ್ನುತ್ತಾರೆ.

ಇಂಥ ಸುದ್ದಿಗಳ ಜೊತೆ ಬರುವ ಫೋಟೋಗಳನ್ನು ನೋಡುತ್ತಾ ಹೋದರೆ ಕೆಲವು ಕಡೆ ಕಣ್ಣು ನಿಲ್ಲುತ್ತದೆ. ಡೋಲಿಗೆ ಎರಡು ಸ್ತನ! ಡೋಲನ್ನು ಬೆನ್ನ ಮೇಲೆ ಹೊತ್ತು ನಿಂತ ಸಿಂಹ. ಮಗುವಿಗೆ ಹಾಲೂಡಿಸುತ್ತಾ ಪೀಠದ ಮೇಲೆ ಕೂತ ಮರದ ಹೆಂಗಸು, ಕೆಳಗೆ ಸಣ್ಣ ಅಕ್ಷರದಲ್ಲಿ 'ವಾದ್ಯಮೇಳಕ್ಕಾಗಿ ಕೆತ್ತಿದ್ದು' ಎಂಬ ವಿವರ. ಮೇಳಕ್ಕೂ ಬೊಂಬೆಗೂ ಏನು ಸಂಬಂಧ? ಹಾಡುವವರಿದ್ದಾರೆ, ಬಾರಿಸುವವರಿದ್ದಾರೆ, ಕುಣಿಯುವವರಿದ್ದಾರೆ. ನಡುವೆ ಸುಮ್ನೆ ಕೂತಿರುವ ಬೊಂಬೆಗೆ ಏನು ಕೆಲಸ?

ಮೊದಲಿಂದ ಶುರು ಮಾಡೋಣ.

ಅಕಾನರು ಅಂದರೆ ಯಾರು?

ಅಕಾನ್ ಅನ್ನುವುದು ಒಂದೇ ಊರಿನ, ಒಂದೇ ರಾಜ್ಯದ ಜನರ ಹೆಸರಲ್ಲ. ದಕ್ಷಿಣ ಘಾನಾದಲ್ಲೂ ಐವರಿ ಕೋಸ್ಟ್‌ನ ಪೂರ್ವ ಭಾಗದಲ್ಲೂ ಹರಡಿರುವ, ಹತ್ತಿರದ ಭಾಷೆಗಳನ್ನಾಡುವ ಹಲವು ಸಮುದಾಯಗಳ ಒಟ್ಟು ಹೆಸರು. ಅಸಾಂಟೆ, ಫಾಂಟೆ, ಅಚಿಮ್, ಬೊನೊ, ಬೌಲೆ ಎಲ್ಲರೂ ಇದರೊಳಗೆ ಬರುತ್ತಾರೆ. ಅಸಾಂಟೆಯವರ ಮಾತು ಟ್ವಿ. ಮೇಲೆ ಹೇಳಿದ ಜಿಜಿ ಅಯೋಕ್ವೆ ಡೋಲು ಎಬ್ರಿಯೆ ಜನರದ್ದು. ಅವರು ಬೌಲೆಯವರಿಗೆ ನೆರೆಹೊರೆ, ಅಬಿಜಾನ್ ನಗರದ ಸುತ್ತ ಇರುವವರು.

ಇವರಲ್ಲಿ ಹೆಚ್ಚು ಹೆಸರಾದವರು ಅಸಾಂಟೆಯವರು. 1700ರ ಹೊತ್ತಿಗೆ ಓಸೆಯಿ ಟುಟು ಎಂಬ ರಾಜ ಸಣ್ಣ ಸಣ್ಣ ಪಾಳೆಯಪಟ್ಟುಗಳನ್ನು ಒಟ್ಟುಗೂಡಿಸಿ ಕುಮಾಸಿಯನ್ನು ರಾಜಧಾನಿ ಮಾಡಿಕೊಂಡ. 1874ರಲ್ಲಿ ಬ್ರಿಟಿಷ್ ಸೇನೆ ಆ ಊರನ್ನು ಲೂಟಿ ಮಾಡಿತು. 1896ರಲ್ಲಿ ರಾಜ ಒಂದನೇ ಪ್ರೆಂಪೆಯನ್ನು ಹಿಡಿದು, ಆಮೇಲೆ ದೂರದ ಸೇಷೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿತು. ಅರಮನೆಯ ವಸ್ತುಗಳು ಲಂಡನ್ನಿಗೆ ಹೋದ ಕಥೆಯ ಹಿಂದೆ ಇರುವುದು ಈ ಯುದ್ಧಗಳೇ. ಆದರೆ ಚಿನ್ನದ ಆ ಪುಟ್ಟ ಸಾಂಕುವೊ ಮಾತ್ರ ಲೂಟಿಯ ಮಾಲಲ್ಲ. 1817ರಲ್ಲಿ ಅಸಾಂಟೆ ರಾಜ ಓಸೆಯಿ ಬೊನ್ಸು ಬ್ರಿಟಿಷ್ ದೂತ ಬೌಡಿಚ್‌ಗೆ ಪ್ರೀತಿಯಿಂದ ಕೊಟ್ಟ ಉಡುಗೊರೆ. ಓಸೆಯಿ ಬೊನ್ಸು ಎಂಬ ಈ ಹೆಸರನ್ನು ನೆನಪಿಡಿ. ಇದೇ ಹೆಸರಿನ ಇನ್ನೊಬ್ಬ ಮುಂದೆ ಬರುತ್ತಾನೆ, ಅವನು ರಾಜನಲ್ಲ.

ಒಂದು ವಿಷಯ ಈಗಲೇ ಹೇಳಿಬಿಡಬೇಕು. ಅಕಾನರಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಪಟ್ಟ ರಾಜನ ಮಗನಿಗೆ ಹೋಗುವುದಿಲ್ಲ, ತಾಯಿಯ ಕಡೆಯ ಗಂಡುಮಕ್ಕಳಿಗೆ, ಅಂದರೆ ತಮ್ಮನಿಗೋ ಅಕ್ಕತಂಗಿಯರ ಮಗನಿಗೋ ಹೋಗುತ್ತದೆ. ಕರಾವಳಿಯ ಅಳಿಯಕಟ್ಟು ಗೊತ್ತಿರುವವರಿಗೆ ಇದು ಹೊಸದೇನಲ್ಲ. ಹೊಸ ರಾಜ ಯಾರಾಗಬೇಕು ಅಂತ ಹೆಸರು ಸೂಚಿಸುವ ಹಕ್ಕು ರಾಜಮಾತೆಯದು. ಈ ಮಾತು ತಲೆಯಲ್ಲಿದ್ದರೆ, ಡೋಲಿಗೆ ಸ್ತನ ಯಾಕೆ ಅನ್ನುವ ಪ್ರಶ್ನೆ ಅರ್ಧ ಬಿಡಿಸಿದ ಹಾಗೆ.

ಡೋಲು ಮಾತಾಡುವುದು ಅಂದರೆ?

ನಮ್ಮಲ್ಲಿ 'ತಮಟೆ ಮಾತಾಡ್ತು' ಅಂದರೆ ಅದು ಹೊಗಳಿಕೆ. ಅಕಾನರಲ್ಲಿ ಅದು ಸೀದಾ ಅರ್ಥದ ಮಾತು.

ಕನ್ನಡದಲ್ಲಿ 'ಬಂದ' ಅನ್ನುವುದನ್ನು ಏರುದನಿಯಲ್ಲಿ ಹೇಳಿದರೆ ಪ್ರಶ್ನೆ, ಇಳಿದನಿಯಲ್ಲಿ ಹೇಳಿದರೆ ಸುದ್ದಿ. ಪದದ ಅರ್ಥ ಮಾತ್ರ ಬದಲಾಗುವುದಿಲ್ಲ. ಟ್ವಿ ಭಾಷೆಯಲ್ಲಿ ಪದದ ಅರ್ಥವೇ ಬದಲಾಗುತ್ತದೆ. 'ಪಪಾ' ಎಂಬ ಪದವನ್ನೇ ನೋಡಿ. ಎರಡು ಅಕ್ಷರವನ್ನೂ ಏರುದನಿಯಲ್ಲಿ ಹೇಳಿದರೆ 'ಒಳ್ಳೆಯದು'. ಮೊದಲನೆಯದು ತಗ್ಗಿ ಎರಡನೆಯದು ಏರಿದರೆ 'ಅಪ್ಪ'. ಎರಡೂ ತಗ್ಗಿದರೆ 'ಬೀಸಣಿಗೆ'. ಅಂದರೆ ಪ್ರತಿ ಮಾತಿಗೂ ಏರಿಳಿತದ ಒಂದು ರಾಗ ಅಂಟಿಕೊಂಡೇ ಇರುತ್ತದೆ.

ಈಗ ಎರಡು ಡೋಲು ತೆಗೆದುಕೊಳ್ಳಿ, ಒಂದರ ಸದ್ದು ಏರು, ಇನ್ನೊಂದರದು ತಗ್ಗು. ಮಾತಿನ ರಾಗವನ್ನೂ ಅದರ ಗತಿಯನ್ನೂ ಹಾಗೇ ಬಾರಿಸಿ. ಕೇಳಿದವನಿಗೆ ಮಾತೇ ಕೇಳಿಸುತ್ತದೆ. ಈ ಜೋಡಿ ಡೋಲಿನ ಹೆಸರು ಅಟುಂಪಾನ್. ಕೊಕ್ಕೆಯಂತೆ ಬಾಗಿದ ಎರಡು ಕೋಲಿನಿಂದ ಬಾರಿಸುತ್ತಾರೆ. ಬಾರಿಸುವವನನ್ನು ಒಚೆರೆಮಾ ಅನ್ನುತ್ತಾರೆ.

ಇಲ್ಲೊಂದು ತೊಡಕಿದೆ, ಅಲ್ವಾ? ಒಂದೇ ರಾಗದ ಪದಗಳು ಬೇಕಾದಷ್ಟಿರುತ್ತವೆ. ಡೋಲಿಗೆ ಬಾಯಿಲ್ಲ, ನಾಲಿಗೆಯಿಲ್ಲ. ಕಕಾರ, ಪಕಾರ ಅದಕ್ಕೆ ಬರುವುದಿಲ್ಲ. ಅದಕ್ಕೇ ಡೋಲಿನಲ್ಲಿ ಬಿಡಿ ಪದ ನುಡಿಸುವುದು ಕಡಿಮೆ. ಉದ್ದುದ್ದ ಬಿರುದು, ಗಾದೆ, ಎಲ್ಲರಿಗೂ ಬಾಯಿಪಾಠವಾದ ಸಾಲುಗಳನ್ನೇ ನುಡಿಸುತ್ತಾರೆ. ಸಾಲು ಉದ್ದವಾದಷ್ಟೂ ಗೊಂದಲ ಕಡಿಮೆ. ಹಳೆಯ ಸಿನಿಮಾ ಹಾಡನ್ನು ಯಾರೋ ಬರೀ ಶಿಳ್ಳೆಯಲ್ಲಿ ಹಾಕಿದರೂ ಸಾಹಿತ್ಯ ನಮ್ಮ ತಲೆಯಲ್ಲಿ ತಾನಾಗೇ ಓಡುತ್ತದಲ್ಲ, ಸುಮಾರು ಹಾಗೆ. ಘಾನಾದ ಸರ್ಕಾರಿ ರೇಡಿಯೋ ವಾರ್ತೆಗೆ ಮುನ್ನ ಅಟುಂಪಾನ್ ಸದ್ದು ಹಾಕುವ ರೂಢಿ ಇತ್ತು. ಡೋಲು ಹೇಳುತ್ತಿದ್ದದ್ದು 'ಘಾನಾ, ಮುಂತಿಯೆ', ಅಂದರೆ 'ಘಾನಾ ಜನರೇ, ಕೇಳಿ'.

ಅಟುಂಪಾನ್ ನುಡಿಸುವ ಪದ್ಯಗಳಲ್ಲಿ ಒಂದು ತುಂಬಾ ಹೆಸರಾದದ್ದು. ದಾರಿ ಹೊಳೆಯನ್ನು ದಾಟುತ್ತದೆ, ಹೊಳೆ ದಾರಿಯನ್ನು ದಾಟುತ್ತದೆ. ಇಬ್ಬರಲ್ಲಿ ಹಿರಿಯರು ಯಾರು? ದಾರಿಯನ್ನು ಕಡಿದದ್ದು ನಾವು, ಹೊಳೆಯನ್ನು ಕಂಡುಕೊಳ್ಳಲಿಕ್ಕೆ. ಹೊಳೆ ಬಂದದ್ದು ಬಹಳ ಹಿಂದೆ, ಎಲ್ಲವನ್ನೂ ಮಾಡಿದವನಿಂದ. ಇಷ್ಟನ್ನೂ ಎರಡು ಡೋಲು ಹೇಳಿ ಮುಗಿಸುತ್ತವೆ. ಸೃಷ್ಟಿಯ ಕಥೆಯಲ್ಲೂ ಡೋಲಿನವನಿಗೆ ಜಾಗವಿದೆ. ದೇವರು ಮೊದಲು ಸಾರುವವನನ್ನು ಮಾಡಿದ, ಆಮೇಲೆ ಡೋಲಿನವನನ್ನು, ಆಮೇಲೆ ತಲೆ ಕಡಿಯುವವನನ್ನು ಅಂತ ಡೋಲೇ ಹೇಳುತ್ತದೆ. ರಾಜ್ಯ ನಡೆಸಲು ಬೇಕಾದ ಮೂವರು!

ಮರವನ್ನು ಕೇಳಿ ಕಡಿಯುವುದು

ಡೋಲಿಗೆ ಬಳಸುವ ಮರದ ಹೆಸರು ಟ್ವೆನೆಬೊವಾ. ಒಂದೇ ದಿಮ್ಮಿಯನ್ನು ಟೊಳ್ಳು ಮಾಡಿ, ಹೊರಗೆ ಬಾಚಿಯಿಂದ ಕೆತ್ತಿ, ಬಾಯಿಗೆ ಚರ್ಮ ಬಿಗಿಯುತ್ತಾರೆ. ಚರ್ಮವನ್ನು ಹಿಡಿದಿಡಲು ಸುತ್ತಲೂ ಮರದ ಗೂಟಗಳು. ಗೂಟಕ್ಕೆ ಬೇರೆಯೇ ಗಟ್ಟಿ ಮರ. ರಾಜನ ಅಟುಂಪಾನಿಗೆ ಆನೆಯ ಕಿವಿಯ ಚರ್ಮ ಹಾಕುತ್ತಿದ್ದರು.

ಈ ಮರದೊಳಗೆ ಒಂದು ಜೀವ ಇದೆ ಅಂತ ನಂಬಿಕೆ. ಅದಕ್ಕೇ ಹಿಂದೆ ಕಡಿಯುವ ಮೊದಲು ಬುಡಕ್ಕೆ ಮೊಟ್ಟೆ ಒಡೆದು, ಮದ್ಯ ಎರೆದು, 'ನಿನ್ನನ್ನು ಕಡಿಯಲು ಬಂದಿದ್ದೇವೆ' ಅಂತ ಹೇಳುತ್ತಿದ್ದರು. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ದೊಡ್ಡ ಹಬ್ಬದ ಬೆಳಗಿನ ಜಾವ ಒಚೆರೆಮಾ ಡೋಲನ್ನು ಎಬ್ಬಿಸುವಾಗ ಒಬ್ಬೊಬ್ಬರನ್ನೇ ಹೆಸರಿಟ್ಟು ಕರೆಯುತ್ತಾನೆ. ಮರವೇ, ಬಾ. ಚರ್ಮ ಕೊಟ್ಟ ಆನೆಯೇ, ಬಾ. ಗೂಟಗಳೇ, ಬನ್ನಿ. ಭೂಮಿತಾಯಿಯೇ, ನಾನು ಕಲಿಯುವವನು, ನನಗೆ ಕೈಗೂಡಲಿ. ವಾದ್ಯದ ಒಂದೊಂದು ಭಾಗವೂ ಒಂದು ಜೀವದ್ದು, ಆ ಜೀವಗಳೆಲ್ಲ ಸೇರಿದರೆ ಮಾತ್ರ ನುಡಿ. ಡೋಲಿನವನು ತನ್ನ ಡೋಲನ್ನು ತಾನೇ ಹೊರಬಾರದು ಅನ್ನುವ ಕಟ್ಟಳೆಯೂ ಇತ್ತು. ಹೊತ್ತರೆ ತಲೆ ಕೆಡುತ್ತದಂತೆ. ಹಾಗಾಗಿ ಮೆರವಣಿಗೆಯಲ್ಲಿ ಮುಂದೆ ಒಬ್ಬ ಡೋಲನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾನೆ, ಹಿಂದಿನಿಂದ ಇನ್ನೊಬ್ಬ ಬಾರಿಸುತ್ತಾ ಬರುತ್ತಾನೆ.

ಇಷ್ಟು ಹೇಳಿದ್ದು ಯಾಕೆಂದರೆ, ಡೋಲಿಗೆ ಮನುಷ್ಯನ ರೂಪ ಕೊಡುವುದು ಅವರಿಗೆ ಬರೀ ಅಲಂಕಾರದ ಮಾತಲ್ಲ. ಮೊದಲೇ ಮಾತಾಡುವ, ಕರೆದರೆ ಬರುವ ವಸ್ತು ಅದು. ಅದಕ್ಕೊಂದು ಮೈ ಕೊಡುವುದು ದೊಡ್ಡ ಜಿಗಿತವೇನಲ್ಲ.

ಕೆತ್ತಿದ ಗಾದೆ

ಅಕಾನರ ಕೆತ್ತನೆಯ ಕೀಲಿಕೈ ಒಂದೇ: ಚಿತ್ರ ಕಂಡರೆ ಗಾದೆ ನೆನಪಾಗಬೇಕು.

ರಾಜನ ಪರವಾಗಿ ಮಾತಾಡುವ ಒಬ್ಬ ಅಧಿಕಾರಿ ಇರುತ್ತಾನೆ. ಅವನ ಹೆಸರು ಒಚಿಯಾಮೆ. ಅವನ ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಮರದಲ್ಲಿ ಕೆತ್ತಿ ಚಿನ್ನದ ತಗಡು ಹೊದಿಸಿದ ಪುಟ್ಟ ಬೊಂಬೆ. ಒಂದು ಕೋಲಿನ ಮೇಲೆ ಮೊಟ್ಟೆ ಹಿಡಿದ ಕೈ ಇರುತ್ತದೆ. ಅಧಿಕಾರ ಮೊಟ್ಟೆಯಿದ್ದ ಹಾಗೆ, ಬಿಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬಿದ್ದು ಒಡೆಯುತ್ತದೆ. ಇನ್ನೊಂದರ ಮೇಲೆ ಮೇಜಿನ ಎದುರು ಕೂತ ಇಬ್ಬರು, ಒಬ್ಬ ಉಣ್ಣುತ್ತಿದ್ದಾನೆ, ಇನ್ನೊಬ್ಬ ನೋಡುತ್ತಿದ್ದಾನೆ. ಊಟ ಅದರ ಒಡೆಯನದು, ಹಸಿದವನದಲ್ಲ. ಇಲ್ಲಿ ಊಟ ಅಂದರೆ ಸಿಂಹಾಸನ ಅಂತ ಅಲ್ಲಿದ್ದವರಿಗೆಲ್ಲ ತಿಳಿಯುತ್ತದೆ. ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿ ಸಾಂಕೊಫಾ: ಮರೆತದ್ದನ್ನು ಹಿಂದೆ ಹೋಗಿ ತರುವುದರಲ್ಲಿ ತಪ್ಪಿಲ್ಲ. ಏಣಿಯ ಚಿತ್ರವಿದ್ದರೆ ಸಾವಿನ ಏಣಿ, ಅದನ್ನು ಒಬ್ಬನೇ ಹತ್ತುವುದಿಲ್ಲ, ಎಲ್ಲರೂ ಹತ್ತುತ್ತಾರೆ.

ಹೀಗೆ ಕಣ್ಣಿಗೆ ಕಾಣುವ ಗಾದೆಗಳು ಕೋಲಿನ ಮೇಲಷ್ಟೇ ಅಲ್ಲ, ಛತ್ರಿಯ ತುದಿಯಲ್ಲಿ, ಕತ್ತಿಯ ಹಿಡಿಯಲ್ಲಿ, ಪೀಠದ ಮೇಲೆ, ಬಟ್ಟೆಯಲ್ಲಿ ಎಲ್ಲೆಲ್ಲೂ ಇರುತ್ತವೆ. ನೃತ್ಯದಲ್ಲೂ ಇವೆ. ಸಾವಿನ ಮನೆಯಲ್ಲಿ ಕುಣಿಯುವ ಅಡೊವಾ ನೃತ್ಯದಲ್ಲಿ ಕೈಗಳೇ ಮಾತಾಡುತ್ತವೆ. ಎರಡೂ ಕೈ ತಲೆಯ ಮೇಲಿಟ್ಟರೆ 'ನನಗೆ ದಿಕ್ಕಿಲ್ಲದಂತಾಯಿತು' ಎಂಬ ದುಃಖ.

ಈಗ ಒಂದೇ ಜಾಗದಲ್ಲಿ ಇವೆಲ್ಲ ಸೇರಿದ್ದನ್ನು ಊಹಿಸಿಕೊಳ್ಳಿ. ಡೋಲು ಒಂದು ಗಾದೆ ನುಡಿಯುತ್ತಿದೆ. ಹೆಂಗಸರು ಇನ್ನೊಂದನ್ನು ಹಾಡುತ್ತಿದ್ದಾರೆ. ಕುಣಿಯುವವಳ ಕೈ ಮೂರನೆಯದನ್ನು ಹೇಳುತ್ತಿದೆ. ಡೋಲಿನ ಮೈಮೇಲೆ ಕೆತ್ತಿದ ಚಿತ್ರ ನಾಲ್ಕನೆಯದು. ಕಿವಿಗೆ ಬಂದದ್ದೂ ಕಣ್ಣಿಗೆ ಬಿದ್ದದ್ದೂ ಒಂದೇ ಗಾದೆಯ ಭಂಡಾರದಿಂದ ಬಂದದ್ದು. ಬೊಂಬೆಗೂ ಮೇಳಕ್ಕೂ ಇರುವ ನಂಟಿನ ತಿರುಳು ಇದು.

ಕೋಕೋ ದುಡ್ಡು, ಹೊಸ ಮೇಳಗಳು

ಹಾಗಂತ ಎಲ್ಲ ವಾದ್ಯವೂ ಎಲ್ಲರ ಕೈಗೆ ಸಿಗುತ್ತಿರಲಿಲ್ಲ. ಅಟುಂಪಾನ್ ಆಗಲಿ, ಆಳೆತ್ತರದ ಫೊಂಟೊಮ್‌ಫ್ರೊಮ್ ಆಗಲಿ, ಕೆಂಪು-ಕಪ್ಪು ಚೌಕದ ಬಟ್ಟೆ ಹೊದಿಸಿದ ಕೆಟೆ ಡೋಲುಗಳಾಗಲಿ ರಾಜರ ಹಕ್ಕಿಗೆ ಸೇರಿದ್ದವು. ಚಿನ್ನದ ಬೊಂಬೆಯ ಕೋಲೂ ಹಾಗೆಯೇ. ಊರಿನ ಸಾಮಾನ್ಯ ಜನ ಅವನ್ನು ಸುಮ್ನೆ ಮಾಡಿಸಿಕೊಳ್ಳುವಂತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗಾಳಿ ಬದಲಾಯಿತು. 1879ರಲ್ಲಿ ಟೆಟೆ ಕ್ವಾಶಿ ಎಂಬಾತ ಹೊರಗಿನ ದ್ವೀಪದಿಂದ ಕೋಕೋ ಬೀಜ ತಂದು ಬೆಳೆದ ಅನ್ನುವುದು ಘಾನಾದಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. 1911ರ ಹೊತ್ತಿಗೆ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಕೋಕೋ ಬೆಳೆಯುವ ನಾಡು ಅದೇ ಆಗಿತ್ತು. ರೈತನ ಕೈಯಲ್ಲಿ ಕಾಸು ಓಡಾಡಿತು. ರೈಲು ಬಂತು, ಪೇಟೆಗಳು ಬೆಳೆದವು. ಜೊತೆಗೆ ಹೊಸ ಹೊಸ ಮೇಳಗಳು ಹುಟ್ಟಿಕೊಂಡವು. ಇವು ಅರಮನೆಯ ಮೇಳಗಳಲ್ಲ. ಊರಿನ ಗಂಡಸರು, ಹೆಂಗಸರು ತಾವೇ ಸೇರಿ ಕಟ್ಟಿಕೊಂಡವು. ಹಬ್ಬಕ್ಕೆ, ಸಂಜೆಯ ಮೋಜಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಸಾವಿನ ಕಾರ್ಯಕ್ಕೆ ಹೋಗಿ ಹಾಡಿ ಬಾರಿಸುವುದು ಇವರ ಕೆಲಸ. ಸಾವಿನ ಕಾರ್ಯ ಅಂದರೆ ಅಲ್ಲಿ ಇಡೀ ಊರು ಸೇರುವ ದೊಡ್ಡ ಸಮಾರಂಭ, ಈಗಲೂ ಹಾಗೇ.

ಇಂಥ ಮೇಳಗಳಲ್ಲಿ ಒಂದು ಬಗೆ ನ್ಟಾನ್. ಆ ಸ್ತನವಿರುವ ಡೋಲು ಇದರದ್ದು.

ತಾಯಿ ಡೋಲು

ನ್ಟಾನ್ ಮೇಳದಲ್ಲಿ ಹಲವು ಡೋಲುಗಳಿರುತ್ತವೆ. ಅವುಗಳಲ್ಲಿ ದೊಡ್ಡದು, ಉಳಿದವನ್ನೆಲ್ಲ ನಡೆಸುವುದು ತಾಯಿ ಡೋಲು. ಮುಂಭಾಗದಲ್ಲಿ ಎರಡು ಸ್ತನ ಕೆತ್ತಿರುತ್ತಾರೆ. ಚಿಕ್ಕ ಡೋಲುಗಳು ಮಕ್ಕಳು. ತಾಯಿ ಮಾತು ಎತ್ತುತ್ತಾಳೆ, ಮಕ್ಕಳು ಉತ್ತರ ಕೊಡುತ್ತವೆ ಅಥವಾ ತಮ್ಮ ಪಾಡಿಗೆ ತಾಳ ಹಿಡಿದಿರುತ್ತವೆ. ಕುಲ ತಾಯಿಯಿಂದ ಬರುತ್ತದೆ ಅನ್ನುವ ನಾಡಿನಲ್ಲಿ ಮೇಳವೂ ತಾಯಿಯಿಂದಲೇ ನಡೆಯುತ್ತದೆ. ಆದರೆ ಬಾರಿಸುವವನು ಹೆಚ್ಚಾಗಿ ಗಂಡಸು. ಇದು ನನಗೆ ಈ ಇಡೀ ವಿಷಯದಲ್ಲೇ ಮೋಜೆನಿಸಿದ ಸಂಗತಿ.

ಡೋಲಿನ ಹೊಟ್ಟೆಯ ಸುತ್ತ ಖಾಲಿ ಜಾಗ ಬಿಡುವುದಿಲ್ಲ. ಪೀಠ, ಕತ್ತಿ, ಮೊಸಳೆ, ಮೀನು, ಚಂದ್ರ-ನಕ್ಷತ್ರ, ಮೊಟ್ಟೆ ಹಿಡಿದ ಕೈ ಎಲ್ಲ ಉಬ್ಬುಚಿತ್ರದಲ್ಲಿ ಮೂಡಿರುತ್ತವೆ. ಕೆಲವಕ್ಕೆ ಬಣ್ಣವನ್ನೂ ಬಳಿದಿರುತ್ತಾರೆ. ಹಿಂದೆ ಅರಮನೆಯ ವಸ್ತುಗಳ ಮೇಲಷ್ಟೇ ಕಾಣುತ್ತಿದ್ದ ಗಾದೆಗಳು ಈಗ ಸಂಘದ ಡೋಲಿನ ಮೇಲೆ ಬಂದು ಕೂತಿದ್ದವು. ಗಾದೆ ಎಲ್ಲರ ಸ್ವತ್ತು. ಅದನ್ನು ಚಿನ್ನದಲ್ಲಿ ಹಾಕಿಸುವ ಹಕ್ಕು ರಾಜನಿಗೆ ಮಾತ್ರ ಇದ್ದಿರಬಹುದು, ಮರದಲ್ಲಿ ಕೆತ್ತಿಸಿಕೊಳ್ಳಲು ಕೋಕೋ ದುಡ್ಡು ಸಾಕಾಗಿತ್ತು.

ಕಾಡಿನಲ್ಲಿ ಇಲ್ಲದ ಸಿಂಹ

ತಾಯಿ ಡೋಲನ್ನು ಎಷ್ಟೋ ಸಲ ಒಂದು ಸಿಂಹ ಇಲ್ಲವೇ ಆನೆ ಬೆನ್ನ ಮೇಲೆ ಹೊತ್ತಿರುತ್ತದೆ. ಆನೆ ಸರಿ. ಆನೆಯ ಹಿಂದೆ ನಡೆದವನಿಗೆ ಇಬ್ಬನಿ ತಾಗುವುದಿಲ್ಲ ಅನ್ನುವುದು ಅಲ್ಲಿನ ಹಳೆಯ ಗಾದೆ. ದೊಡ್ಡವರ ಆಸರೆ ಹಿಡಿದವನಿಗೆ ಕಷ್ಟ ಕಡಿಮೆ ಅಂತ ಅರ್ಥ.

ಆದರೆ ಸಿಂಹ? ಅಸಾಂಟೆ ನಾಡು ದಟ್ಟ ಮಳೆಕಾಡು. ಅಲ್ಲಿ ಸಿಂಹ ಇರುವುದಿಲ್ಲ. ಅಲ್ಲಿನ ರಾಜಪ್ರಾಣಿ ಮೊದಲಿನಿಂದಲೂ ಚಿರತೆ. ಸಿಂಹ ಬಂದದ್ದು ಹಡಗಿನಲ್ಲಿ ಅನ್ನಬೇಕು. ಯುರೋಪಿನ ರಾಜಮುದ್ರೆಗಳು, ನಾಣ್ಯಗಳು, ವ್ಯಾಪಾರಿ ಕಂಪನಿಗಳ ಗುರುತುಗಳಲ್ಲೆಲ್ಲ ಸಿಂಹದ ಚಿತ್ರವಿತ್ತು. ಕೆತ್ತನೆಗಾರರು ಜೀವಂತ ಸಿಂಹವನ್ನು ನೋಡಿ ಕೆತ್ತಿದ್ದಲ್ಲ, ಚಿತ್ರದ ಸಿಂಹವನ್ನು ನೋಡಿ ಕೆತ್ತಿದ್ದು. ಅದಕ್ಕೇ ಆ ಸಿಂಹಗಳ ಬಾಲ ಒಮ್ಮೊಮ್ಮೆ ಮುದ್ರೆಯ ಸಿಂಹದ ಹಾಗೆ ಬೆನ್ನ ಮೇಲೆ ಸುತ್ತಿಕೊಂಡಿರುತ್ತದೆ. ಚಿರತೆಗೆ ಸಲ್ಲುತ್ತಿದ್ದ ಗಾದೆಗಳು ಮೆಲ್ಲಗೆ ಸಿಂಹಕ್ಕೂ ಸಂದವು.

'ಶುದ್ಧ ಆಫ್ರಿಕನ್ ಕಲೆ' ಅಂತ ಹುಡುಕುವವರಿಗೆ ಇಂಥದ್ದು ಹಿಡಿಸದೇ ಇರಬಹುದು. ಅಕಾನ್ ಕೆತ್ತನೆಗಾರನಿಗೆ ಅದು ತಲೆನೋವೇ ಆಗಿರಲಿಲ್ಲ. ಹೊಸ ಚಿತ್ರ ಸಿಕ್ಕರೆ ಅದಕ್ಕೊಂದು ಗಾದೆ ಹೊಂದಿಸಿದ, ಮುಗಿಯಿತು.

ಮೇಳದ ಮುಂದಿನ ಬೊಂಬೆಗಳು

ಈಗ ಪೀಠದ ಮೇಲೆ ಕೂತ ಆ ಹೆಂಗಸಿನ ಹತ್ತಿರ ಬರೋಣ.

ಜನರ ಮೇಳಗಳು ಡೋಲಿನ ಜೊತೆಗೆ ಬಿಡಿ ಬೊಂಬೆಗಳನ್ನೂ ಮಾಡಿಸಿಕೊಳ್ಳುತ್ತಿದ್ದವು. ಕೂತ ರಾಜ, ಕೂತ ರಾಜಮಾತೆ, ಮಗುವಿಗೆ ಹಾಲೂಡಿಸುವ ತಾಯಿ ಹೆಚ್ಚಾಗಿ ಕಾಣುವ ರೂಪಗಳು. ಮೇಳ ಬಾರಿಸಲು ಕೂತಾಗ ಇವನ್ನು ಜನರಿಗೆ ಕಾಣುವಂತೆ ಮುಂದೆ ಇಡುತ್ತಿದ್ದರು. ಇವಕ್ಕೆ ಪೂಜೆಯಿಲ್ಲ, ಹರಕೆಯಿಲ್ಲ. ಇದನ್ನು ಒತ್ತಿ ಹೇಳಬೇಕು. ಆಫ್ರಿಕಾದ ಮರದ ಬೊಂಬೆ ಅಂದಕೂಡಲೇ 'ಯಾವುದೋ ದೇವರು' ಅಂತ ಅಂದುಕೊಳ್ಳುವ ಅಭ್ಯಾಸ ತುಂಬ ಜನರಿಗಿದೆ. ಮೇಳದ ಬೊಂಬೆ ದೇವರಲ್ಲ.

ಹಾಗಾದರೆ ಅದರ ಕೆಲಸವೇನು? ಮೊದಲನೆಯದು ಗುರುತು. ಒಂದೇ ಸಾವಿನ ಮನೆಗೆ ಎರಡು ಮೂರು ಮೇಳಗಳು ಬರಬಹುದು. ಯಾರ ಬೊಂಬೆ ಚೆನ್ನಾಗಿದೆಯೋ ಅಲ್ಲಿ ಜನ ಸೇರುತ್ತಾರೆ. ನಮ್ಮಲ್ಲಿ ಬ್ಯಾಂಡ್‌ಸೆಟ್‌ನವರು ದೊಡ್ಡ ಡೋಲಿನ ಮೇಲೆ ತಮ್ಮ ಹೆಸರು, ಊರು ಬರೆಸುವುದಿಲ್ಲವೇ? ಅಂಥದ್ದೇ ಒಂದು ಹಮ್ಮು. ಬೊಂಬೆ ಮಾಡಿಸಲು ಹಣ ಬೇಕು, ಒಳ್ಳೆಯ ಕೆತ್ತನೆಗಾರನನ್ನು ಹಿಡಿಯಬೇಕು. ಎರಡೂ ಇರುವ ಸಂಘ ಅಂತ ಜನಕ್ಕೆ ತಿಳಿಯಬೇಕು.

ಎರಡನೆಯದು, ಮೇಳ ತನ್ನನ್ನೇ ಒಂದು ಪುಟ್ಟ ಆಸ್ಥಾನದಂತೆ ತೋರಿಸಿಕೊಳ್ಳುವುದು. ರಾಜ ಬಂದು ಕೂತರೆ ಸಭೆಗೆ ಕಳೆ. ನಿಜವಾದ ರಾಜ ಪ್ರತಿ ಊರಿನ ಸಾವಿಗೂ ಬರುವುದಿಲ್ಲ, ಮರದ ರಾಜ ಬರುತ್ತಾನೆ.

ಮೂರನೆಯದು ತಾಯಿ-ಮಗುವಿನದು, ಇದು ಸ್ವಲ್ಪ ಆಳದ್ದು. ಸಾವಿನ ಕಾರ್ಯದಲ್ಲಿ ಒಂದು ಕುಲ ತನ್ನವರಲ್ಲಿ ಒಬ್ಬರನ್ನು ಕಳೆದುಕೊಂಡು ಕೂತಿರುತ್ತದೆ. ಎದುರಿಗೆ ಮೊಲೆಯೂಡಿಸುವ ತಾಯಿ. ಕುಲ ಅವಳಿಂದಲೇ ಮುಂದುವರಿಯಬೇಕು. ಅಲ್ಲಿ ಕೂತವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಬೊಂಬೆಯ ಮೈಕಟ್ಟನ್ನೂ ಓದಬಹುದು. ಮೈಗೆ ಹೋಲಿಸಿದರೆ ತಲೆ ದೊಡ್ಡದು, ಹಣೆ ಅಗಲ, ಕತ್ತಿನ ಸುತ್ತ ಬಳೆಯಂಥ ಮಡಿಕೆಗಳು. ಆ ಮಡಿಕೆ ಒಡವೆಯಲ್ಲ. ಚೆನ್ನಾಗಿ ಉಂಡು ಮೈತುಂಬಿಕೊಂಡವರ ಕತ್ತಿನಲ್ಲಿ ಬೀಳುವ ಗೆರೆ. ಅದು ಆರೋಗ್ಯದ, ಚೆಲುವಿನ ಗುರುತು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ದೊಡ್ಡವರು ಸಭೆಯಲ್ಲಿ ಹೇಗೆ ಕೂರಬೇಕೋ ಹಾಗೆ ಕೂತಿರುತ್ತದೆ. ಸುತ್ತ ಎಷ್ಟೇ ಗದ್ದಲವಿರಲಿ, ಬೆವರು ಸುರಿಸಿ ಕುಣಿಯುವವರಿರಲಿ, ಬೊಂಬೆ ಮಾತ್ರ ತಣ್ಣಗೆ.

ಇಂಥ ಡೋಲು, ಬೊಂಬೆಗಳನ್ನು ಕೆತ್ತಿದವರಲ್ಲಿ ಎಲ್ಲರಿಗಿಂತ ಹೆಸರಾದವನು ಓಸೆಯಿ ಬೊನ್ಸು. ಮೇಲೆ ಹೇಳಿದ ಇನ್ನೊಬ್ಬ ಇವನೇ. ಹುಟ್ಟಿದ್ದು 1900ರಲ್ಲಿ, ತೀರಿಕೊಂಡದ್ದು 1977ರಲ್ಲಿ. ಅಪ್ಪನೂ ಕೆತ್ತನೆಗಾರ. ಅಸಾಂಟೆಯ ಮೂವರು ರಾಜರಿಗೆ ಕೆಲಸ ಮಾಡಿಕೊಟ್ಟ. ಅಚಿಮೋಟಾ ಕಾಲೇಜಿನಲ್ಲಿ ಮಕ್ಕಳಿಗೆ ಕೆತ್ತನೆ ಕಲಿಸಿದ. ಜೊತೆಜೊತೆಗೇ ಊರೂರಿನ ಮೇಳಗಳಿಗೂ ಡೋಲು ಕೆತ್ತಿದ. ಅರಮನೆಗೆ ದುಡಿದ ಅದೇ ಕೈ ಸಂಘದವರಿಗೂ ದುಡಿದದ್ದರಿಂದಲೇ ಅರಮನೆಯ ಚಿತ್ರಗಳು ಊರಿನ ಮೇಳದ ಮೇಲೆ ಅಷ್ಟು ಸಲೀಸಾಗಿ ಮೂಡಿದವು. ಆಫ್ರಿಕಾದ ಹಳೆಯ ಕೆತ್ತನೆಗಳಲ್ಲಿ ಎಷ್ಟೋ ಕಡೆ ಕಲಾವಿದನ ಹೆಸರೇ ಉಳಿದಿಲ್ಲ. ಇವನ ಕೈಯನ್ನು ಮಾತ್ರ ಇಂದು ಬಲ್ಲವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಬೌಲೆಯವರ ದಾರಿ ಬೇರೆ

ಐವರಿ ಕೋಸ್ಟ್‌ನ ಬೌಲೆಯವರೂ ಅಕಾನರೇ. ಹದಿನೆಂಟನೆಯ ಶತಮಾನದಲ್ಲಿ ರಾಣಿ ಅಬ್ಲಾ ಪೊಕು ಅಸಾಂಟೆ ನಾಡಿನಿಂದ ತನ್ನವರನ್ನು ಕರೆದುಕೊಂಡು ಹೊರಟಳು, ತುಂಬಿದ ಕೊಮೊವೆ ನದಿ ದಾಟಲು ತನ್ನ ಮಗುವನ್ನೇ ಕೊಟ್ಟಳು ಅನ್ನುವುದು ಅವರ ಐತಿಹ್ಯ. 'ಬೌಲೆ' ಎಂಬ ಹೆಸರಿಗೆ 'ಮಗು ಸತ್ತಿತು' ಎಂದೇ ಅರ್ಥ ಹೇಳುತ್ತಾರೆ.

ಅವರಲ್ಲಿ ಬೊಂಬೆ ಮತ್ತು ಸಂಗೀತದ ನಂಟು ಕಣಿ ಹೇಳುವವರ ಕಡೆಯಿಂದ ಬಂದದ್ದು. ಅಂಥವರನ್ನು ಕೊಮಿಯೆನ್ ಅನ್ನುತ್ತಾರೆ. ಡೋಲಿನ ಸದ್ದಿಗೆ ಕುಣಿಯುತ್ತಾ ಕುಣಿಯುತ್ತಾ ಕಾಡಿನ ಆತ್ಮ ಅವರ ಮೈಮೇಲೆ ಬರುತ್ತದೆ. ಕಬ್ಬಿಣದ ಸಣ್ಣ ಗಂಟೆಯನ್ನು ಒಂದೇ ಸಮನೆ ಬಡಿಯುವುದು ಇದರ ಮುಖ್ಯ ಭಾಗ. ಆ ಗಂಟೆ ಬಡಿಯುವ ಕೋಲನ್ನೇ ಚಂದವಾಗಿ ಕೆತ್ತಿಸಿರುತ್ತಾರೆ, ಹಿಡಿಯ ಮೇಲೆ ಮುಖ ಅಥವಾ ಪ್ರಾಣಿ. ಕೊಮಿಯೆನ್ ಕುಣಿಯುವಾಗ ಪಕ್ಕದಲ್ಲಿ ಅವರ ಆತ್ಮದ ಬೊಂಬೆಗಳು ಇರುತ್ತವೆ. ಈ ಬೊಂಬೆಗಳಿಗೆ ಬಲಿಯೂ ಇದೆ, ನಂಬಿಕೆಯೂ ಇದೆ. ಜೊತೆಗೆ ಒಂದು ವ್ಯವಹಾರವೂ ಇದೆ: ಬೊಂಬೆ ಚಂದವಿದ್ದಷ್ಟೂ 'ಈ ಕಣಿಯವರು ಕೈಗುಣವುಳ್ಳವರು' ಅಂತ ನೋಡಿದವರಿಗೆ ಅನಿಸುತ್ತದೆ. ಅಸಾಂಟೆ ಮೇಳದ ಬೊಂಬೆಗೂ ಇದಕ್ಕೂ ನಂಬಿಕೆಯಲ್ಲಿ ದೂರ, ಆ ಒಂದು ವಿಷಯದಲ್ಲಿ ಹತ್ತಿರ.

ಹಾಗಾದರೆ ಅಕುವಾಬಾ?

ಅಕಾನ್ ಬೊಂಬೆ ಅಂತ ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವುದು ತಟ್ಟೆಯಂಥ ದುಂಡು ತಲೆ, ಚಾಚಿದ ಎರಡು ಮೋಟುಗೈಗಳ ಅಕುವಾಬಾ. ಹಾಗಾಗಿ ಒಂದು ಮಾತು. ಅಕುವಾ ಅಂದರೆ ಬುಧವಾರ ಹುಟ್ಟಿದ ಹೆಂಗಸು. ಅಕಾನರಲ್ಲಿ ಹುಟ್ಟಿದ ವಾರದ ಹೆಸರಿಡುತ್ತಾರೆ. ಶುಕ್ರವಾರ ಹುಟ್ಟಿದವನು ಕೋಫಿ, ಶನಿವಾರದವನು ಕ್ವಾಮೆ. ಮಕ್ಕಳಿಲ್ಲದ ಅಕುವಾ ಪೂಜಾರಿಯ ಮಾತಿನಂತೆ ಮರದ ಮಗು ಮಾಡಿಸಿ ಬೆನ್ನಿಗೆ ಕಟ್ಟಿಕೊಂಡು ತಿರುಗಿದಳಂತೆ. ಊರವರು 'ಅಕುವಾಳ ಮಗು ನೋಡ್ರೋ' ಅಂತ ಆಡಿಕೊಂಡರು. ಅಕುವಾ ಬಾ ಅಂದರೆ ಅದೇ, ಅಕುವಾಳ ಮಗು. ಕೊನೆಗೆ ಅವಳಿಗೆ ಹೆಣ್ಣು ಮಗು ಹುಟ್ಟಿತು. ಇದು ಮೂಲತಃ ಬೆನ್ನಿಗೆ ಕಟ್ಟಿಕೊಳ್ಳುವ, ಹರಕೆಯ ಬೊಂಬೆ. ಮೇಳದ ಮುಂದೆ ಕೂರುವ ಬೊಂಬೆಯ ಜೊತೆ ಇದನ್ನು ಬೆರೆಸಬಾರದು.

ಗಾಜಿನ ಪೆಟ್ಟಿಗೆಯೊಳಗೆ

ಕೊನೆಯಲ್ಲಿ ಎರಡು ಡೋಲಿನ ಕಥೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಸಣ್ಣ ಡೋಲಿದೆ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ವರ್ಜೀನಿಯಾದಿಂದ ಬಂದದ್ದು. ಅಮೆರಿಕದ ಮೂಲನಿವಾಸಿಗಳದ್ದು ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಅದರ ಮರ ಪಶ್ಚಿಮ ಆಫ್ರಿಕಾದ್ದು, ಆಕಾರ ಅಕಾನರದ್ದು. ಗುಲಾಮರನ್ನು ತುಂಬಿಕೊಂಡ ಹಡಗಿನಲ್ಲಿ ಸಾಗರ ದಾಟಿರಬೇಕು. ಆ ಹಡಗುಗಳಲ್ಲಿ ಜನರ ಮೈ ಜಡವಾಗದಿರಲಿ ಅಂತ ಬಲವಂತವಾಗಿ ಕುಣಿಸುತ್ತಿದ್ದರು, ಅದಕ್ಕೆ ಡೋಲು ಬೇಕಿತ್ತು.

ಇನ್ನೊಂದು, ಆರಂಭದಲ್ಲಿ ಹೇಳಿದ ಜಿಜಿ ಅಯೋಕ್ವೆ. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಯಾರಿಗೂ ಏನೂ ಹೇಳಿರಲಿಲ್ಲ. ವಾಪಸ್ ಕಳಿಸುವ ಮೊದಲು ಅದರ ಮರಕ್ಕೆ ದುರಸ್ತಿ ಬೇಕಿತ್ತು. ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ಅದಕ್ಕೆ ಬೇಕಾದ ಪರಿಣತರೂ ಇದ್ದರು, ಸಲಕರಣೆಯೂ ಇತ್ತು. ಆದರೂ ಕೆಲಸ ಕೂಡಲೇ ಶುರುವಾಗಲಿಲ್ಲ. 2022ರ ನವೆಂಬರಿನಲ್ಲಿ ಎಬ್ರಿಯೆ ಮುಖಂಡರು ಐವರಿ ಕೋಸ್ಟ್‌ನಿಂದ ವಿಮಾನ ಹತ್ತಿ ಬಂದು, ಡೋಲಿನೊಳಗಿನ ಶಕ್ತಿಯನ್ನು ಸಮಾಧಾನಪಡಿಸುವ ಶಾಸ್ತ್ರ ಮುಗಿಸಿದರು. ಆಮೇಲಷ್ಟೇ ದುರಸ್ತಿಯವರು ಅದನ್ನು ಮುಟ್ಟಿದ್ದು.